ಮುಂತುದಿಯ ಕಾವಲು

ಸ್ಪೇನ್ ದೇಶದ ಕಡಲಂಚಿನ ಒಂದು ಗುಡ್ಡದ ಮೇಲೆ ಅನ್ಸೆಲ್ಮೊ ಎಂಬ ಸಂನ್ಯಾಸಿಯ ಗುಡಿಸಲಿತ್ತು. ಹಿಂದೆ ಅವರು ರಾಜನ ಯುದ್ಧನೌಕೆಗಳಲ್ಲಿ ದುಡಿದವರು. ಕಡಲನ್ನು ಬಿಟ್ಟರೂ ಹಡಗಿನ ಮರಳು ಗಡಿಯಾರವನ್ನು ಬಿಟ್ಟಿರಲಿಲ್ಲ.

ಆ ಹಡಗುಗಳಲ್ಲಿ ಒಂದು ಪದ್ಧತಿಯಿತ್ತು. ಮರಳು ಇಳಿದು ಮುಗಿದಾಗಲೆಲ್ಲ ಹಡಗಿನ ಹಿಂಬದಿಯಲ್ಲಿ ನಿಂತವನು ಗಡಿಯಾರವನ್ನು ಮಗುಚಿಟ್ಟು, "ಮುಂದಿರುವವನೇ, ಎಚ್ಚರವೇ?" ಎಂದು ಕೂಗಬೇಕು. ಹಡಗಿನ ಮುಂತುದಿಯಲ್ಲಿ ಕಾವಲಿರುವವನು "ಎಚ್ಚರವಿದ್ದೇನೆ" ಎಂದು ಓಗೊಡಬೇಕು. ಓಗೊಡದವನು ನಿದ್ದೆ ಹೋಗಿದ್ದಾನೆಂದೇ ಲೆಕ್ಕ.

ಅನ್ಸೆಲ್ಮೊ ಗುಡಿಸಲಿನ ಬಾಗಿಲಲ್ಲಿ ನಿಂತು ಹಾಗೆಯೇ ಕೂಗುತ್ತಿದ್ದರು. ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು, ಒಳಗೆ ಹೋಗುತ್ತಿದ್ದರು. ಮುದುಕನಿಗೆ ಇತ್ತೀಚೆಗೆ ಅರಳುಮರಳು ಎಂದು ಕೆಳಗಿನ ಬೆಸ್ತರು ನಗುತ್ತಿದ್ದರು.

ಶಿಷ್ಯ ಲೋಪೆಗೆ ನಗು ಬರುತ್ತಿರಲಿಲ್ಲ. 'ಸಾಂತಾ ಓಲಾಯಾ' ಎಂಬ ಯುದ್ಧನೌಕೆ ಬಂಡೆಗೆ ಬಡಿದು ಮುಳುಗಿದಾಗ ಬದುಕಿ ಉಳಿದವನು ಅವನೊಬ್ಬನೇ. ಆ ದುಃಖ ಹೊತ್ತುಕೊಂಡೇ ಗುಡ್ಡ ಹತ್ತಿ ಬಂದಿದ್ದ. ಗುರುಗಳ ಕೂಗು ಕೇಳಿದಾಗಲೆಲ್ಲ ಕಟ್ಟಿಗೆ ಒಡೆಯುವುದನ್ನು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದ.

ಒಂದು ಬೆಳಿಗ್ಗೆ ಅವನು ಗಂಟು ಕಟ್ಟಿಕೊಂಡು ಬಂದು ನಿಂತ.

"ಹೊರಟೆಯಾ?" ಎಂದರು ಗುರುಗಳು.

"ಹೌದು, ಗುರುಗಳೇ."

"ಎಲ್ಲಿಗೆ?"

"ಎಲ್ಲಿಗಾದರೇನು? ಜೊತೆಯವರೆಲ್ಲ ನೀರುಪಾಲಾದರು. ನನ್ನನ್ನು ಕರೆಯುವವರು ಈ ಲೋಕದಲ್ಲಿ ಒಬ್ಬರೂ ಇಲ್ಲ. ಇದ್ದರೂ ಒಂದೇ, ಸತ್ತರೂ ಒಂದೇ ಅನ್ನಿಸಿಬಿಟ್ಟಿದೆ."

ಗುರುಗಳು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಷ್ಟರಲ್ಲಿ ಮರಳು ಮುಗಿಯಿತು. ಅವರು ಗಡಿಯಾರ ಮಗುಚಿಟ್ಟು, ಬಾಗಿಲಿಗೆ ಬಂದು ಕೂಗಿದರು.

"ಮುಂದಿರುವವನೇ, ಎಚ್ಚರವೇ?"

ಅಲೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಲೋಪೆ ಎಂದಿನಂತೆ ತಲೆ ತಗ್ಗಿಸಿ ನಿಂತಿದ್ದ.

"ಹಡಗಿನಲ್ಲಿ ನಿನ್ನ ಕೆಲಸ ಏನಿತ್ತು?" ಎಂದು ಕೇಳಿದರು ಗುರುಗಳು.

"ಮುಂತುದಿಯ ಕಾವಲು."

"ಕೂಗು ಬಂದರೆ?"

"ಓಗೊಡುತ್ತಿದ್ದೆ. ಒಮ್ಮೆಯೂ ತಪ್ಪಿಸಿದವನಲ್ಲ." ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಹೆಮ್ಮೆ ಕೇಳಿಸಿತು.

"ಮತ್ತೆ ಇಲ್ಲಿ?"

ಲೋಪೆ ತಬ್ಬಿಬ್ಬಾದ. "ನೀವು ಕೂಗುವುದು ಮುಳುಗಿಹೋದ ನಿಮ್ಮ ಗೆಳೆಯರನ್ನಲ್ಲವೇ? ನಡುವೆ ನಾನು ಬಾಯಿ ಹಾಕಬಾರದೆಂದು ಸುಮ್ಮನಿದ್ದೆ."

ಗುರುಗಳು ಅವನ ಹೆಗಲಿನಿಂದ ಗಂಟನ್ನು ಇಳಿಸಿಕೊಂಡರು.

"ನೀನು ಬರುವ ತನಕ ನಾನು ಕೂಗಿದವನೇ ಅಲ್ಲ, ಮಗೂ."