ಸಂತೆಗೆ ಹಾಕದ ಊಟ

“ಗುರುಗಳೇ, ಒಂದೇ ಕೆಲಸಕ್ಕೆ ಊರಿಗೊಂದು ಬೆಲೆ ಯಾಕೆ?”

ಕೇಳಿದವನು ಚನ್ನವೀರ. ಗೆಳೆಯನ ಜೊತೆ ಸೇರಿ ಎಣ್ಣೆ ಗಾಣದ ಕಂಪನಿ ಮಾಡಲು ಹೊರಟಿದ್ದ. ನಷ್ಟವಾದರೆ ಹಾಕಿದ ಬಂಡವಾಳ ಮಾತ್ರ ಹೋಗಬೇಕು, ಮನೆ ಉಳಿಯಬೇಕು. ಅಂಥ ಸೀಮಿತ ಹೊಣೆಯ ಕಂಪನಿ. ಅದನ್ನು ನೋಂದಾಯಿಸುವ ಖರ್ಚು ರಾಜ್ಯದಿಂದ ರಾಜ್ಯಕ್ಕೆ ಬೇರೆ ಎಂದು ವಿಚಾರಿಸಿಕೊಂಡು ಬಂದಿದ್ದ.

“ನಮ್ಮಲ್ಲಿ ಶುಲ್ಕ ಹೆಚ್ಚು. ದೂರದ ಒಂದು ರಾಜ್ಯದಲ್ಲಿ ತೀರಾ ಕಡಿಮೆ. ಅಲ್ಲೇ ಒಂದು ವಿಳಾಸ ಹಿಡಿದು ಮಾಡಿಸಿಬಿಡೋಣ ಅಂತಾನೆ ಗೆಳೆಯ.”

“ಗಾಣ ಎಲ್ಲಿ ಹಾಕುತ್ತೀ?”

“ಇಲ್ಲೇ.”

“ಕೂತುಕೋ” ಎಂದರು ಗುರು. ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ಬಳೆಗಾರನೂ ಒಬ್ಬ ಗಾಡಿಕಾರನೂ ಇದ್ದರು. ಕೂಡಿ ವ್ಯಾಪಾರ ಮಾಡುವ ಮನಸ್ಸಾಯಿತು. ಗಾಡಿಕಾರನ ಹೆಂಡತಿ ಮೊದಲೇ ಹೇಳಿದಳು: “ಬಳೆ ಒಡೆಯುತ್ತದೆ, ಗಾಡಿ ಉರುಳುತ್ತದೆ. ಎತ್ತು ಹಾಕು, ಗಾಡಿ ಹಾಕು. ಈ ಮನೆ ಮಾತ್ರ ಹಾಕಬೇಡ. ಇದರ ಗೋಡೆಗೆ ಮಣ್ಣು ತುಳಿದವಳು ನಾನು.”

ಆ ಸೀಮೆಯಲ್ಲಿ ಅದಕ್ಕೊಂದು ದಾರಿ ಇತ್ತು. ಗೆರೆ ಹಾಕಿಸುವುದು ಎನ್ನುತ್ತಿದ್ದರು. ಗೆರೆ ಹಾಕಿಸಿದ ವ್ಯಾಪಾರ ಮುಳುಗಿದರೆ ಅದಕ್ಕೆ ಹಾಕಿದ್ದಷ್ಟೇ ಹೋಗುತ್ತಿತ್ತು. ಪಾಲುದಾರರ ಮನೆಬಾಗಿಲಿಗೆ ಯಾರೂ ಬರುವಂತಿರಲಿಲ್ಲ. ಆದರೆ ನಿಯಮ ಊರಿಗೊಂದು. ಬೆಟ್ಟದ ಊರಲ್ಲಿ ಹಿರಿಯನೊಬ್ಬ ಜಾಮೀನು ನಿಲ್ಲಬೇಕು, ವರ್ಷವಿಡೀ ಕಾಯಬೇಕು. ಹೊಳೆಯಾಚೆಯ ಕೋಟೆಯಲ್ಲಿ ಒಂದು ಬೆಳ್ಳಿ ನಾಣ್ಯ ಇಟ್ಟರೆ ಸಾಕು, ಹಿತ್ತಾಳೆಯ ಮುದ್ರೆ ಕೈಗೆ ಬರುತ್ತಿತ್ತು. ಇವರ ಊರಲ್ಲಿ ಇಡೀ ಸಂತೆಗೆ ಊಟ ಹಾಕಬೇಕು. ಬಡಿಸಿದ ಮೇಲೆ, ಯಾರೂ ತುತ್ತು ಎತ್ತುವ ಮೊದಲು, ಪಾಲುದಾರರು ನಿಂತು ಹೇಳಬೇಕು: “ನಾವು ಹಾಕಿದ್ದು ಇಷ್ಟು. ಮುಳುಗಿದರೆ ಇದರಲ್ಲೇ ಹಂಚಿಕೊಳ್ಳಿ. ಮನೆಗೆ ಬರಬೇಡಿ.”

ಬಳೆಗಾರನಿಗೆ ಇದು ಸರಿಬರಲಿಲ್ಲ.

“ನಮ್ಮ ಗಂಟೆಲ್ಲ ಅಡುಗೆಯವನಿಗೇ ಹೋಗುತ್ತದಲ್ಲೋ ಮಾರಾಯ. ಸಂತೆಯ ಜನ ಉಂಡು ತೇಗಿದರೆ ನಮಗೇನು ಬಂತು? ಹೊಳೆ ದಾಟೋಣ.”

“ಅಲ್ಲಿಯ ಮುದ್ರೆ ಇಲ್ಲಿ ನಡೆಯುತ್ತದಾ?”

“ಹಿತ್ತಾಳೆ ಎಲ್ಲಿ ಹೋದರೂ ಹಿತ್ತಾಳೆಯೇ ತಾನೇ?”

ಹೋದರು, ನಾಣ್ಯ ಇಟ್ಟರು, ಹೊತ್ತು ಮುಳುಗುವ ಮೊದಲೇ ಹಿಂದಿರುಗಿದರು. ಮುದ್ರೆಯನ್ನು ಗಾಡಿಗೆ ಹೊಡೆದರು. ಏನದು ಎಂದು ಕೇಳಿದವರಿಗೆಲ್ಲ ಬಳೆಗಾರ “ದೃಷ್ಟಿಗೆ” ಎನ್ನುತ್ತಿದ್ದ. ನಿಜ ಹೇಳಿದರೆ ಸಾಲಕ್ಕೆ ಸಿಗುವ ಮಾಲು ಕಡಿಮೆಯಾದೀತು ಎಂದು ಅವನಿಗೆ ಗೊತ್ತಿತ್ತು.

ಆ ಊರಲ್ಲಿ ಬಳೆ ಮಾಡುವ ಭಟ್ಟಿಯ ಯಜಮಾನನೊಬ್ಬನಿದ್ದ. ಹಬ್ಬಕ್ಕೆ ಮೊದಲು ಗಾಡಿ ತುಂಬಿಸಿ ಕೊಡುತ್ತಿದ್ದ. ಮಾರಿ ಬಂದ ಮೇಲೆ ಹಣ ತೆಗೆದುಕೊಳ್ಳುತ್ತಿದ್ದ. ವ್ಯಾಪಾರ ಚೆನ್ನಾಗಿಯೇ ನಡೆಯಿತು. ಒಂದು ವರ್ಷ ಹೊಳೆ ದಾಟುವಾಗ ಚಕ್ರ ಕಲ್ಲಿಗೆ ಸಿಕ್ಕಿ ಗಾಡಿ ಮಗುಚಿತು. ಎತ್ತುಗಳು ಈಜಿ ದಡ ಸೇರಿದವು. ಗಾಡಿ ಮುರಿಯಿತು. ಬಳೆ ಒಂದೂ ಉಳಿಯಲಿಲ್ಲ.

ಯಜಮಾನ ಗಾಡಿಕಾರನ ಮನೆಗೆ ಬಂದ. ಗಾಡಿಕಾರ ಮುರಿದ ಗಾಡಿಯಿಂದ ಕಿತ್ತು ತಂದ ಮುದ್ರೆ ತೋರಿಸಿದ.

“ಇದು ದೃಷ್ಟಿಗೆ ಅಂದಿದ್ದಿರಿ” ಎಂದ ಯಜಮಾನ. “ನಾನು ಮಾಲು ಕೊಟ್ಟದ್ದು ಈ ಮನೆ ನೋಡಿ.”

ಮಾತು ಊರ ಹಿರಿಯರ ಮುಂದೆ ಹೋಯಿತು. ಅವರು ಮುದ್ರೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸುಳ್ಳು ಮುದ್ರೆ ಅಲ್ಲ ಎಂದರು. ಆದರೆ ಕೋಟೆಯಲ್ಲಿ ಹಾಕಿಸಿದ ಗೆರೆ ಕೋಟೆಯವರಿಗೆ; ಇಲ್ಲಿ ವ್ಯಾಪಾರ ಮಾಡುವವನು ಇಲ್ಲಿಯವರಿಗೂ ಹೇಳಬೇಕಿತ್ತು. ಗಾಡಿ ಮುರಿದಿದೆ, ಎತ್ತುಗಳ ಬೆಲೆ ಸಾಲದು, ಬಳೆಗಾರನಿಗೆ ಸ್ವಂತ ಮನೆಯಿಲ್ಲ. ಮನೆ ಯಜಮಾನನಿಗೆ ಸೇರಬೇಕು ಎಂದು ತೀರ್ಮಾನಿಸಿದರು.

ಯಜಮಾನ ಮನೆಗೆ ಬಂದಾಗ ಪಾತ್ರೆಪಗಡಿ ಹೊರಗಿದ್ದವು. ಗಾಡಿಕಾರನ ಹೆಂಡತಿ ಒಳಗೆ ಕಸ ಗುಡಿಸುತ್ತಿದ್ದಳು.

“ಇದ್ಯಾಕಮ್ಮ ಈಗ?”

“ತಡಿ ಅಣ್ಣಾ, ಸಾರಿಸಿ ಕೊಡುತ್ತೇನೆ. ಕೊಳೆ ಮನೆ ಬಿಟ್ಟುಹೋದಳು ಅಂತ ನಿನ್ನ ಹೆಂಡತಿ ಆಡಿಕೊಳ್ಳಬಾರದು.”

ಯಜಮಾನ ಜಗಲಿಯ ಮೇಲೆ ಕೂತ. ನೆಲ ಆರುವವರೆಗೂ ಕೂತೇ ಇದ್ದ. ಆಮೇಲೆ ಗಾಡಿಕಾರನಿಗೆ ಹೇಳಿದ: “ಮನೆ ನನ್ನದೇ. ನೀವು ಇರಿ. ಗಾಡಿ ರಿಪೇರಿ ಮಾಡಿಸು, ನನ್ನ ಭಟ್ಟಿಗೆ ಸೌದೆ ಹೊಡಿ. ಮಾಲಿನ ಬೆಲೆ ಮುಟ್ಟಿದ ದಿನ ಮನೆ ಈ ತಂಗಿಯದು.”

ಗಾಡಿಕಾರ ಸೌದೆ ಹೊಡೆದ. ಬಳೆಗಾರನೂ ಬಂದು ಹೊರೆಗೆ ಹೆಗಲು ಕೊಟ್ಟ. ಅಭ್ಯಾಸವಿಲ್ಲದ ಕೈ ಸಿಬಿರು ಚುಚ್ಚಿ ಊದಿಕೊಂಡರೂ ಬರುವುದು ಬಿಡಲಿಲ್ಲ. ಗಾಡಿಕಾರನ ಹೆಂಡತಿ ಬೈಯುತ್ತಲೇ ಸಿಬಿರು ತೆಗೆದು ಎಣ್ಣೆ ಹಚ್ಚುತ್ತಿದ್ದಳು.

ಬೆಲೆ ಮುಟ್ಟಿತು. ಮನೆ ತಿರುಗಿ ಬಂತು. ಮತ್ತೆ ಬಳೆ ವ್ಯಾಪಾರಕ್ಕೆ ಇಳಿಯುವ ಮೊದಲು ಇಬ್ಬರೂ ಸಂತೆಗೆ ಊಟ ಹಾಕಿದರು. ಬಡಿಸಿದ್ದಾಯಿತು. ಗಾಡಿಕಾರ ನಿಂತು ಹೇಳಬೇಕಾದ್ದನ್ನು ಹೇಳಿದ.

ಮೊದಲ ಪಂಕ್ತಿಯಲ್ಲಿ ಕೂತಿದ್ದ ಯಜಮಾನ ತಲೆ ಎತ್ತಿದ. “ಕೇಳಿಸಿತು. ಇನ್ನು ಸಾಲ ಅರ್ಧ ಗಾಡಿಗೆ ಮಾತ್ರ. ನಿಮ್ಮ ಬಾಗಿಲಿಗೆ ಉಣ್ಣುವುದಕ್ಕಷ್ಟೇ ಬರುತ್ತೇನೆ.”

ಗಾಡಿಕಾರನ ಹೆಂಡತಿ ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಗುರು ಕತೆ ನಿಲ್ಲಿಸಿದರು. ಚನ್ನವೀರ ಕೇಳಿದ.

“ಹಾಗಾದರೆ ಖರ್ಚು ಹೆಚ್ಚಿರುವ ಕಡೆಯೇ ಮಾಡಿಸಬೇಕು ಅಂತಲೇ?”

“ಹಾಗೆಂದು ಯಾರು ಹೇಳಿದರು? ಅವರು ಕೋಟೆಯಲ್ಲೇ ಕೊಂಡು ಕೋಟೆಯಲ್ಲೇ ಮಾರಿದ್ದರೆ ಆ ಒಂದು ನಾಣ್ಯ ಸಾಕಿತ್ತು.”

“ಮತ್ತೆ ನಾನು ವಿಚಾರಿಸಿದ್ದರಲ್ಲಿ ಬಿಟ್ಟದ್ದೇನು, ಗುರುಗಳೇ?”

ಗುರು ಅವನ ಬೆನ್ನ ಮೇಲೆ ಕೈ ಇಟ್ಟರು.

“ಯಾವ ಊರಲ್ಲಿ ಎಷ್ಟು ಶುಲ್ಕ ಎಂದು ಕೇಳಿಕೊಂಡು ಬಂದೆ ಮಗೂ, ನಿನ್ನನ್ನು ನಂಬಿ ಗಾಣಕ್ಕೆ ಎಳ್ಳು ಕೊಡುವವನು ಯಾವ ಊರಿನವನು?”