ಗೋಡೆ ಎದೆ ಕೊಟ್ಟ ಬಗೆ

ನಡುಮನೆಯ ಗೋಡೆಯಿಂದ ಗಾರೆ ಉದುರುತ್ತಿತ್ತು. ಹೀಗೇ ಬಿಟ್ಟರೆ ಇಟ್ಟಿಗೆಯೂ ಕಳಚೀತೆಂದು ಗೋಡೆಗೆ ಭಯ.

"ಹೆದರಬೇಡಕ್ಕಾ," ಎಂದಿತು ಕುಂಚ. "ಪ್ರತಿ ದೀಪಾವಳಿಯಂತೆ ಮೇಲೊಂದು ಸಲ ಬಣ್ಣ ಎಳೆದರೆ ಮದುಮಗಳಂತೆ ಹೊಳೆಯುತ್ತೀ!"

ಗಾರೆ ಮೆತ್ತುವ ಕರಣೆ ತನ್ನ ಹಿಡಿಯಿಂದ ಗೋಡೆಯನ್ನು ತಟ್ಟಿತು. ಟೊಳ್ಳು ಸದ್ದು ಬಂತು.

"ಕೇಳಿಸಿತೇ? ಗಾರೆ ಇಟ್ಟಿಗೆಯ ಕೈಬಿಟ್ಟಿದೆ. ಈ ಸುಳ್ಳ ನಿನ್ನ ಹುಣ್ಣಿಗೆ ಪೌಡರು ಹಚ್ಚುತ್ತಾನೆ. ನಾನು ಕೆರೆಯಲೇ?"

"ನೋಯುತ್ತದೆಯೇ?"

"ನೋಯುತ್ತದೆ."

ಇದುವರೆಗೆ ಯಾರೂ ಗೋಡೆಗೆ ಇಷ್ಟು ನಿಜ ಹೇಳಿರಲಿಲ್ಲ. ಅದು ಎದೆಯೊಡ್ಡಿ, "ಕೆರೆ!" ಎಂದಿತು.

ಹಳೆಯ ದೀಪಾವಳಿಗಳ ಬಣ್ಣವೆಲ್ಲ ಗಾರೆಯೊಡನೆ ದಡದಡನೆ ನೆಲಕ್ಕೆ ಬಿತ್ತು. ಕರಣೆ ಹೊಸ ಗಾರೆ ಮೆತ್ತಿ ನಯಮಾಡಿತು. ತಕ್ಷಣ ಕುಂಚ ಓಡಿ ಬಂತು: "ಹಬ್ಬ ನಾಳೆಯೇ! ಈಗ ನನ್ನ ಸರದಿ!"

"ನಿಲ್ಲು ತಮ್ಮಾ," ಗೋಡೆ ಗಟ್ಟಿಯಾಗಿ ನಕ್ಕಿತು. "ಮೊದಲು ನನ್ನೊಳಗು ಒಣಗಲಿ. ಬೇಕಾದರೆ ಹಬ್ಬ ಕಾಯಲಿ."