ನದಿಗೆ ಮುಖ ಮಾಡಿದ ಕಲ್ಲು

ತುಂಗಭದ್ರೆಯ ದಂಡೆಯಲ್ಲಿ ಹಾಲಪ್ಪ ಗುರುಗಳದೊಂದು ಕಬಡ್ಡಿ ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಹುಲ್ಲಿನ ಚಪ್ಪರ, ಒಂದು ಒಲೆ, ಮರಳು ಹಾಸಿದ ಅಂಗಳ, ಅಷ್ಟೇ.

ಅಂಗಳದ ಅಂಚಿಗೆ ಒಂದು ಕಲ್ಲು. ಆಟ ಶುರುವಾಯಿತೆಂದರೆ ಗುರುಗಳು ಆ ಕಲ್ಲಿನ ಮೇಲೆ ಅಂಗಳಕ್ಕೆ ಬೆನ್ನು ಮಾಡಿ, ನದಿಗೆ ಮುಖ ಮಾಡಿ ಕೂರುತ್ತಿದ್ದರು.

ತೀರ್ಪು ಕೊಡುವವರು ಬೇರೆ ಯಾರೂ ಇರಲಿಲ್ಲ. ಎದುರಾಳಿಯ ಕೈ ಯಾರ ಮೈಗೆ ತಾಗಿತೋ ಅವನೇ ಕೈ ಎತ್ತಿ "ನಾನು ಔಟು" ಎನ್ನಬೇಕು. ತಾಗಿಸಿದವನು ತುಟಿ ಪಿಟಕ್ಕೆನ್ನಬಾರದು. ಅದು ಅಲ್ಲಿಯ ಪದ್ಧತಿ.

ನೋಡಲು ಬಂದವರು ನಗುತ್ತಿದ್ದರು. "ಹಿಂಗಾದ್ರೆ ಯಾರು ತಾನೇ ಔಟ್ ಆಗ್ತಾರೆ ಮಾರಾಯಾ?"

ಆದರೆ ಆಗುತ್ತಿದ್ದರು. ಗುರುಗಳು ನದಿ ನೋಡುತ್ತಿರುವಾಗಲೇ ಬೆನ್ನ ಹಿಂದೆ ಕೂಗು ಕೇಳುತ್ತಿತ್ತು. ಎಲ್ಲರಿಗಿಂತ ಮೊದಲು ಕೇಳುತ್ತಿದ್ದದ್ದು ಹಿರಿಯ ಶಿಷ್ಯ ಕೆಂಚವೀರನ ದನಿ.

ಈ ಕೆಂಚವೀರ ಒಂದು ಕಾಲಕ್ಕೆ ಎದುರಾಳಿಗಳ ಅಂಗಳಕ್ಕೆ ನುಗ್ಗಿದರೆ ಬರಿಗೈಯಲ್ಲಿ ಬಂದವನೇ ಅಲ್ಲ. ಒಂದು ಪಂದ್ಯದಲ್ಲಿ ಎಡಗಾಲಿನ ಮಂಡಿ ಮುರಿಯಿತು. ಮೂಳೆ ಕೂಡಿತು, ಓಟ ಕೂಡಲಿಲ್ಲ. ಅಲ್ಲಿಂದ ಅವನು ಕಿರಿಯರಿಗೆ ಆಟ ಕಲಿಸುತ್ತಾ ಉಳಿದ. ಗುರುಗಳ ನಂತರ ಆ ಕಲ್ಲಿನ ಮೇಲೆ ಕೂರುವವನು ಅವನೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹೊಳೆಯ ಎರಡೂ ದಂಡೆಯ ತಂಡಗಳು ಒಂದೆಡೆ ಸೇರಿ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದವು. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಆರಿಸಿದವರೇ ಒರೆಗೆ ಹಚ್ಚಿ ನೋಡಿ ಬೇಡವೆಂದು ವಾಪಸ್ಸು ಕಳಿಸಿದರೆ ಮುಗಿಯಿತು, ಅವನನ್ನು ಇನ್ಯಾವ ತಂಡವೂ ಸೇರಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮೊದಲ ಆಯ್ಕೆ ಗುರುಗಳದಾಗಿತ್ತು. ಮುಂದೆ ನಿಂತಿದ್ದ ಕಟ್ಟುಮಸ್ತಾದ ಆಳುಗಳನ್ನೆಲ್ಲ ದಾಟಿಕೊಂಡು ಹೋಗಿ ಅವರು ಒಬ್ಬ ಸಣಕಲನ ಹೆಗಲ ಮೇಲೆ ಕೈ ಇಟ್ಟರು. ಅವನ ಹೆಸರು ದುರುಗೇಶ. ಹರಿಗೋಲು ಹೆಣೆಯುವ ಮೇದಾರರ ಮಗ.

ಕೆಂಚವೀರನಿಗೆ ಒಳಗೊಳಗೇ ಕಸಿವಿಸಿಯಾಯಿತು.

"ಇವನನ್ನ ನೀನು ನೋಡು," ಎಂದರು ಗುರುಗಳು. "ಇರಬೇಕೋ ಹೋಗಬೇಕೋ, ನೀನೇ ಹೇಳು."

ಕೆಂಚವೀರ ಮೊದಲ ದಿನವೇ ದುರುಗೇಶನನ್ನು ಅಂಗಳದಲ್ಲಿ ನಿಲ್ಲಿಸಿ ಪದ್ಧತಿ ಹೇಳಿಕೊಟ್ಟ. "ತಾಗಿಸಿಕೊಂಡವನು ಹೇಳಬೇಕು. ತಾಗಿಸಿದವನು ಬಾಯಿ ಬಿಡಬಾರದು. ತಿಳೀತಾ?"

"ತಿಳೀತು ಅಣ್ಣ," ಎಂದ ದುರುಗೇಶ.

ಆಮೇಲೆ ಕೆಂಚವೀರ ಅವನನ್ನು ಓಡಿಸಿದ, ಬಗ್ಗಿಸಿದ, ಉಸಿರು ಕಟ್ಟಿಸಿದ, ಬೀಳಿಸಿದ. ಎಲ್ಲ ನೋಡಿಯಾದ ಮೇಲೆ ಗುರುಗಳ ಮುಂದೆ ಬಂದು ನಿಂತ.

"ಮೈಯಲ್ಲಿ ಮಾಂಸ ಇಲ್ಲ ಗುರುಗಳೇ."

"ಮತ್ತೆ?"

"ಹಿಡಿದರೆ ಕೊಸರಿಕೊಳ್ಳೋ ಶಕ್ತಿ ಇಲ್ಲ. ಉಸಿರು ಬೇಗ ಮುಗಿಯುತ್ತೆ. ಎದುರಾಳಿ ಗದರಿಸಿದರೆ ಕಣ್ಣು ಕೆಳಗೆ ಹಾಕ್ತಾನೆ."

ಗುರುಗಳು ಒಲೆಯ ಬೂದಿ ಕೆದಕುತ್ತಾ ಕೇಳಿಸಿಕೊಂಡರು.

"ಅವನಲ್ಲಿ ಇಲ್ಲದ್ದನ್ನೆಲ್ಲ ಹೇಳಿದೆ. ಇರೋದನ್ನ ನೋಡ್ಕೊಂಡು ಬಾ ಹೋಗು."

ಕೆಂಚವೀರ ಹೋದ. ಈ ಸಲ ಚಪ್ಪರದ ಕಂಬಕ್ಕೆ ಒರಗಿ ಸುಮ್ಮನೆ ನೋಡಿದ. ದುರುಗೇಶ ಎದುರಾಳಿಗಳ ನಡುವೆ ಹೋದ. ಬಲಕ್ಕೆ ವಾಲಿದ, ಕೈ ಎಡಕ್ಕೆ ಚಾಚಿದ, ಯಾರ ಕೈಗೂ ಸಿಗದೆ ನಡುಗೆರೆ ದಾಟಿ ಬಂದ.

ಕೆಂಚವೀರ ಕಂಬ ಬಿಟ್ಟು ನೆಟ್ಟಗೆ ನಿಂತ. ಆ ವಾಲುವಿಕೆ ಅವನಿಗೆ ಗೊತ್ತಿತ್ತು. ಮಂಡಿ ಮುರಿಯುವ ಮೊದಲು ಅದು ಅವನದೇ ಆಗಿತ್ತು. ಯಾರಿಗೂ ಕಲಿಸಿರಲಿಲ್ಲ, ಕಲಿಸಲು ಬರುವಂಥದ್ದೂ ಅಲ್ಲ.

ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ. ಮೇದಾರರ ಮಗ ದಿನವೂ ಇಲ್ಲಿ ಹೀಗೆ ವಾಲುತ್ತಾನೆ, ತಾನು ದಿನವೂ ಕುಂಟುತ್ತಾ ನೋಡಬೇಕು.

"ಏನಂತೀಯ?" ಎಂದು ಗುರುಗಳು ಮತ್ತೆ ಕೇಳಿದರು.

"ನನಗ್ಯಾಕೋ ಅವನು ನಮಗೆ ಆಗಿಬರಲ್ಲ ಅನ್ಸುತ್ತೆ."

"ಯಾಕೆ?"

ಕೆಂಚವೀರ ಬಗ್ಗಿ ಒಲೆಗೆ ಸೌದೆ ದೂಡಿದ. ಗುರುಗಳು ಅವನ ಮುಖ ನೋಡಿದರು. ಆಮೇಲೆ ಒಲೆಯ ಹತ್ತಿರದಿಂದ ಎದ್ದರು.

"ಹಂಗಾದ್ರೆ ಬೆಳಗ್ಗೆ ನೀನೇ ಅಂಗಳಕ್ಕೆ ಇಳಿ. ನೀನು, ಅವನು, ಇಬ್ಬರೇ. ಒಂದೇ ಉಸಿರಲ್ಲಿ ನಿನ್ನನ್ನ ಮುಟ್ಟಿ ವಾಪಸ್ಸು ಗೆರೆ ದಾಟಿದ್ರೆ ಇಲ್ಲಿರ್ತಾನೆ. ಆಗದಿದ್ರೆ ಹರಿಗೋಲು ಹತ್ತಿ ಊರಿಗೆ ಹೋಗ್ತಾನೆ."

ಬೆಳಗಾಯಿತು. ಉಳಿದ ಶಿಷ್ಯರನ್ನೆಲ್ಲ ಗುರುಗಳು ಹೊಳೆಯ ಮೇಲಿನ ಮಡುವಿಗೆ ಸ್ನಾನಕ್ಕೆ ಅಟ್ಟಿದರು. ತಾವು ಕಲ್ಲಿನ ಮೇಲೆ ಕೂತು ನದಿಗೆ ಮುಖ ಮಾಡಿದರು.

ದುರುಗೇಶ ನಡುಗೆರೆಗೆ ನಮಸ್ಕಾರ ಮಾಡಿ ಒಳಗೆ ಬಂದ. "ಕಬಡ್ಡಿ, ಕಬಡ್ಡಿ, ಕಬಡ್ಡಿ…"

ಕೆಂಚವೀರ ಓಡಲಾರ ನಿಜ, ಆದರೆ ಅಂಗಳದ ಮೂಲೆ ಮೂಲೆಯೂ ಗೊತ್ತಿದ್ದವನು. ದುರುಗೇಶ ಕೈ ಚಾಚಿದಾಗಲೆಲ್ಲ ಒಂದು ಗೇಣು ಸರಿದು ತಪ್ಪಿಸಿಕೊಂಡ. ಹುಡುಗನ ದನಿ ಸಣ್ಣಗಾಗತೊಡಗಿತು. ಉಸಿರು ಇನ್ನೇನು ಮುಗಿಯಬೇಕು.

ಆಗ ದುರುಗೇಶ ಬಲಕ್ಕೆ ವಾಲಿದ. ಅದೇ ವಾಲುವಿಕೆ. ಕೆಂಚವೀರ ಎಡಕ್ಕೆ ಹೊರಳಿದ, ಮಂಡಿ ಒಂದಿಷ್ಟು ತಡವಾಯಿತು. ಆ ಮಂಡಿಗೆ ಬೆರಳ ತುದಿ ತಾಗಿತು. ನೊಣ ಕೂತು ಎದ್ದಷ್ಟೇ. ಮರುಗಳಿಗೆಯಲ್ಲಿ ದುರುಗೇಶ ಗೆರೆಯಾಚೆ ನಿಂತು ಏದುಸಿರು ಬಿಡುತ್ತಿದ್ದ.

ಅಂಗಳದಲ್ಲಿ ಸದ್ದಿಲ್ಲ.

ಕೆಂಚವೀರ ಕೈ ಎತ್ತಲು ಹೋದ. ಅಭ್ಯಾಸವಾದ ಕೈ ತಾನಾಗಿಯೇ ಸೊಂಟದವರೆಗೆ ಬಂತು. ಅಲ್ಲಿಗೇ ನಿಂತಿತು.

"ಏನಾಯಿತು ಕೆಂಚವೀರ?" ಎಂದರು ಗುರುಗಳು, ತಿರುಗದೆ. "ಮುಟ್ಟಿದನಾ?"

"ಇಲ್ಲ."

ದುರುಗೇಶ ತಲೆ ಎತ್ತಿ ಕೆಂಚವೀರನನ್ನು ನೋಡಿದ.

"ನೀನೇನಾದರೂ ಹೇಳೋದಿದೆಯೇನಪ್ಪ?" ಎಂದರು ಗುರುಗಳು.

"ಇಲ್ಲಿ ನಾನು ಹೇಳಂಗಿಲ್ಲ ಗುರುಗಳೇ. ಅಣ್ಣ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ."

ಗುರುಗಳು ಕಲ್ಲಿನಿಂದ ಎದ್ದರು. "ಬಟ್ಟೆ ಗಂಟು ಕಟ್ಟಿಕೋ ಮಗಾ. ಹರಿಗೋಲು ನಿಲ್ಲೋ ದೋಣಿಗಂಡಿಯ ತನಕ ನಾನೂ ಬರ್ತೀನಿ."

ಇಬ್ಬರೂ ಇಳಿಜಾರು ಇಳಿದು ಹೋದರು. ದುರುಗೇಶ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಕೆಂಚವೀರ ಅಂಗಳ ಸಮ ಮಾಡಲು ನಿಂತ. ಆಟ ಮುಗಿದ ಮೇಲೆ ಮರಳಿನ ಹೆಜ್ಜೆಗಳನ್ನು ಅಳಿಸುವುದು ಅವನ ದಿನದ ಕೆಲಸ. ಪೊರಕೆ ಎಳೆದ. ಹುಡುಗನ ಹೆಜ್ಜೆಗಳು ಅಳಿದವು. ತನ್ನ ಹೆಜ್ಜೆಗಳ ಹತ್ತಿರ ಬಂದ. ಎಡಗಾಲು ಎಳೆದ ಗುರುತು ಉದ್ದಕ್ಕೆ ಬಿದ್ದಿತ್ತು. ಮಂಡಿ ತಡವಾದ ಜಾಗ ಇದೇ. ತಾಗಿದ ಜಾಗ ಇದೇ.

ಅವನಿಗೆ ಪೊರಕೆ ಎಳೆಯಲಾಗಲಿಲ್ಲ. ಗುರುಗಳ ಖಾಲಿ ಕಲ್ಲಿನ ಕಡೆ ನೋಡಿದ. ನಾಳೆ ತಾನು ಅದರ ಮೇಲೆ ಕೂತರೆ, ಬೆನ್ನ ಹಿಂದೆ ನಿಂತವರು ಹೇಳಿದ್ದನ್ನು ಹೇಗೆ ನಂಬುವುದು?

"ಅಯ್ಯೋ, ನಾನೆಂಥ ಕೆಲಸ ಮಾಡಿದೆ!" ಎಂದವನೇ ಪೊರಕೆ ಬಿಸಾಕಿ ಓಡಿದ. ಓಡಲಾರದವನು ಓಡಿದ. ಇಳಿಜಾರಿನಲ್ಲಿ ಬಿದ್ದ, ಎದ್ದ, ಮತ್ತೆ ಓಡಿದ.

ಹರಿಗೋಲು ಇನ್ನೂ ದಂಡೆಯಲ್ಲೇ ಇತ್ತು. ಅದರೊಳಗೆ ದುರುಗೇಶ ಗಂಟು ತಬ್ಬಿಕೊಂಡು ಕೂತಿದ್ದ. ಪಕ್ಕದಲ್ಲಿ ಹಾಲಪ್ಪ ಗುರುಗಳು, ಆಚೆ ದಡಕ್ಕೆ ಮುಖ ಮಾಡಿ. ಅಂಬಿಗ ತಿಮ್ಮಣ್ಣ ಹುಟ್ಟು ಹಿಡಿದು ಗೊಣಗುತ್ತಿದ್ದ.

"ನೀವು ಇಳಿಯೋದೂ ಇಲ್ಲ, ಹೊರಡು ಅನ್ನೋದೂ ಇಲ್ಲ. ನಾನೇನು ಮಾಡಲಿ ಸ್ವಾಮಿ?"

"ಸ್ವಲ್ಪ ತಾಳು ತಿಮ್ಮಣ್ಣ," ಎನ್ನುತ್ತಿದ್ದರು ಗುರುಗಳು.

ಕೆಂಚವೀರ ಮೊಣಕಾಲುದ್ದ ನೀರಿಗೆ ಇಳಿದು ನಿಂತ. ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿದ.

"ನಾನು ಔಟು!"

ಗುರುಗಳು ತಿರುಗಲಿಲ್ಲ. "ಎಲ್ಲಿ ಮುಟ್ಟಿದ?"

"ಮಂಡಿಗೆ. ಮುರಿದ ಮಂಡಿಗೆ."

ದುರುಗೇಶ ಗಂಟಿನ ಮೇಲೆ ಗಲ್ಲ ಇಟ್ಟುಕೊಂಡು ಮೆಲ್ಲಗೆ ಹೇಳಿದ. "ನೋವಿರೋ ಕಾಲು ಅಂತ ಬರೀ ಬೆರಳು ತಾಗಿಸಿದ್ದೆ ಅಣ್ಣ. ನಿಮಗೆ ಗೊತ್ತಾಗಲಿಲ್ಲವೇನೋ ಅಂದ್ಕೊಂಡೆ."

ಕೆಂಚವೀರನಿಗೆ ತಡೆಯಲಾಗಲಿಲ್ಲ. ನೀರಲ್ಲಿ ನಿಂತೇ ಅತ್ತುಬಿಟ್ಟ. ಎತ್ತಿದ ಕೈ ಮಾತ್ರ ಕೆಳಗಿಳಿಸಲಿಲ್ಲ.

"ಗೊತ್ತಾಗಿತ್ತಪ್ಪ," ಎಂದ. "ಚೆನ್ನಾಗಿ ಗೊತ್ತಾಗಿತ್ತು."

ಗುರುಗಳು ಹರಿಗೋಲಿನ ಅಂಚು ಹಿಡಿದು ಎದ್ದರು. ಕೆಂಚವೀರ ಮುಂದೆ ಬಂದು ಹೆಗಲು ಕೊಟ್ಟ. ಅವರು ಅದನ್ನೇ ಊರಿಕೊಂಡು ನೀರಿಗೆ ಇಳಿದರು.

"ಇವನನ್ನ ನೋಡು ಅಂದಿದ್ದೆ. ನೋಡಿದೆಯಾ?"

"ನೋಡಿದೆ ಗುರುಗಳೇ."

"ಏನಂತೀಯ?"

"ಇರಲಿ. ಅವನು ಇಲ್ಲೇ ಇರಲಿ."

ದುರುಗೇಶ ಗಂಟು ಎತ್ತಿಕೊಂಡು ಇಳಿದ. ಮೂವರೂ ದಂಡೆ ಹತ್ತಿದರು. ಅಂಗಳಕ್ಕೆ ಬಂದಾಗ ಕೆಂಚವೀರ ನಿಂತ.

"ನೀವು ನದಿ ಕಡೆ ಮುಖ ಮಾಡಿ ಕೂತಿದ್ದಿರಿ. ಅವನು ಬಾಯಿ ಬಿಡಲಿಲ್ಲ. ನಾನು ಸುಳ್ಳು ಹೇಳ್ತಿದ್ದೀನಿ ಅಂತ ನಿಮಗೆ ಹೇಗೆ ತಿಳೀತು?"

ಹಾಲಪ್ಪ ಗುರುಗಳು ಕೆಳಗೆ ಬಿದ್ದಿದ್ದ ಪೊರಕೆಯನ್ನು ಎತ್ತಿ ಅವನ ಕೈಗೆ ಕೊಟ್ಟರು.

"ಇಷ್ಟು ವರ್ಷ ಆ ಕಲ್ಲಿನ ಮೇಲೆ ಕೂತಿದ್ದೀನಿ, ಏನಾಯಿತು ಅಂತ ನಿನ್ನನ್ನ ಒಂದು ಸಲವೂ ಕೇಳಿದ್ದಿಲ್ಲ, ಅದಕ್ಕೆ ಮೊದಲೇ ನಿನ್ನ ದನಿ ಕೇಳ್ತಿತ್ತು. ಇವತ್ತು ಕೇಳಬೇಕಾಯಿತು."